ಮುಕ್ಕಾಲು ಮನೆ, ಪೂರ್ತಿ ಹಕ್ಕು

ಜೈಲಿನಿಂದ ಬಿಡುಗಡೆಯಾದವರಿಗೆಂದೇ ಅಮೆರಿಕದಲ್ಲಿ ಕೆಲವು ಮನೆಗಳಿವೆ. ಅಲ್ಲಿ ಹಣ ಕೊಟ್ಟು ವಾಸಿಸುವವನು ಬಾಡಿಗೆದಾರನೇ? ಅವನನ್ನು ರಾತ್ರೋರಾತ್ರಿ ಬೀದಿಗೆ ದೂಡಬಹುದೇ? ನ್ಯೂಯಾರ್ಕ್ ನಗರ ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರ ಸರಳವಾಗಿದೆ, ಕುತೂಹಲಕರವೂ ಆಗಿದೆ.

ಶಿಕ್ಷೆ ಮುಗಿಸಿ ಜೈಲಿನಿಂದ ಹೊರಬಂದ ಮನುಷ್ಯ ಮೊಟ್ಟಮೊದಲು ಎದುರಿಸುವ ಪ್ರಶ್ನೆ ಯಾವುದು? ಕೆಲಸ ಎಲ್ಲಿ ಸಿಗುತ್ತದೆ, ಜನ ಏನೆನ್ನುತ್ತಾರೆ ಎಂಬುದೆಲ್ಲ ಆಮೇಲಿನ ಮಾತು. ಈ ರಾತ್ರಿ ಎಲ್ಲಿ ಮಲಗುವುದು ಎಂಬುದೇ ಮೊದಲ ಪ್ರಶ್ನೆ. ಹೆತ್ತವರೋ ಒಡಹುಟ್ಟಿದವರೋ ಬಾಗಿಲು ತೆರೆದರೆ ಆ ಚಿಂತೆ ಅಲ್ಲಿಗೆ ಮುಗಿಯಿತು. ಅವರು ತೆರೆಯದಿದ್ದರೆ? ತೆರೆಯುವ ಮನಸ್ಸಿದ್ದೂ ಕಾನೂನೇ ಅಡ್ಡ ನಿಂತರೆ?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಲಕ್ಷಾಂತರ ಜನರ ಪ್ರಶ್ನೆ. ಅಲ್ಲಿನ ಸೆರೆಮನೆಗಳಲ್ಲಿ ಇರುವವರ ಸಂಖ್ಯೆ ಸುಮಾರು 19 ಲಕ್ಷ. ರಾಜ್ಯ ಸರ್ಕಾರಗಳ ಬಂದೀಖಾನೆಗಳಲ್ಲಿರುವ ಪ್ರತಿ 100 ಕೈದಿಗಳಲ್ಲಿ ಕನಿಷ್ಠ 95 ಮಂದಿ ಒಂದಲ್ಲ ಒಂದು ದಿನ ಬಿಡುಗಡೆಯಾಗುತ್ತಾರೆ. ರಾಜ್ಯಗಳ ಮತ್ತು ಕೇಂದ್ರದ ಬಂದೀಖಾನೆಗಳಿಂದ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಜನ ಹೊರಬರುತ್ತಾರೆ. ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಹೀಗೆ ಹೊರಡುವವನ ಕೈಗೆ 200 ಡಾಲರ್ ಕೊಡುವ ಪದ್ಧತಿಯಿದೆ. ಅಲ್ಲಿನ ನಗರಗಳಲ್ಲಿ ಆ ಹಣದಿಂದ ಒಂದು ವಾರ ತಲೆ ಮರೆಸಿಕೊಳ್ಳುವ ಜಾಗ ಸಿಗುವುದೂ ಕಷ್ಟ.

ಇದರ ಪರಿಣಾಮವನ್ನು ‘ಪ್ರಿಸನ್ ಪಾಲಿಸಿ ಇನಿಷಿಯೇಟಿವ್’ ಎಂಬ ಸಂಶೋಧನಾ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿ ತೋರಿಸಿತು. ಅದು ಬಳಸಿದ್ದು 2008ರ ಅಂಕಿಅಂಶಗಳನ್ನು. ಸಾಮಾನ್ಯ ಜನರಲ್ಲಿ ಪ್ರತಿ 10,000 ಮಂದಿಗೆ 21 ಮಂದಿ ಮನೆಯಿಲ್ಲದವರಾದರೆ, ಜೈಲಿನಲ್ಲಿ ಇದ್ದು ಬಂದವರಲ್ಲಿ ಆ ಸಂಖ್ಯೆ 203. ಅಂದರೆ ಹೆಚ್ಚುಕಡಿಮೆ ಹತ್ತು ಪಟ್ಟು. ಒಂದಕ್ಕಿಂತ ಹೆಚ್ಚು ಸಲ ಜೈಲಿಗೆ ಹೋಗಿಬಂದವರಲ್ಲಿ ಅದು 279ಕ್ಕೆ ಏರುತ್ತದೆ. ಮನೆ ಇಲ್ಲದಿದ್ದರೆ ಕೆಲಸ ಸಿಗುವುದಿಲ್ಲ, ಕೆಲಸ ಇಲ್ಲದಿದ್ದರೆ ಮನೆ ಸಿಗುವುದಿಲ್ಲ. ಈ ಸುಳಿಯಲ್ಲಿ ಸಿಕ್ಕವನಿಗೆ ಜೈಲಿನ ದಾರಿ ಬಹಳ ಹತ್ತಿರದ್ದಾಗುತ್ತದೆ.

ವಿಳಾಸವೇ ಬಿಡುಗಡೆಯ ರಹದಾರಿ

ಅಮೆರಿಕದಲ್ಲಿ ಕೈದಿಗಳು ಅನೇಕ ವೇಳೆ ‘ಪರೋಲ್’ ಮೇಲೆ ಬಿಡುಗಡೆಯಾಗುತ್ತಾರೆ. ನಮ್ಮಲ್ಲಿ ಪರೋಲ್ ಎಂದರೆ ಮದುವೆ, ಸಾವು, ಕಾಯಿಲೆಯಂಥ ಕಾರಣಕ್ಕೆ ಕೆಲವು ದಿನಗಳ ಮಟ್ಟಿಗೆ ಸಿಗುವ ರಜೆ. ಅಲ್ಲಿ ಹಾಗಲ್ಲ. ಶಿಕ್ಷೆಯ ಉಳಿದ ಅವಧಿಯನ್ನು ಅಧಿಕಾರಿಯೊಬ್ಬರ ಉಸ್ತುವಾರಿಯಲ್ಲಿ, ಷರತ್ತುಗಳಿಗೆ ಒಳಪಟ್ಟು, ಹೊರಗೆ ಕಳೆಯುವುದೇ ಪರೋಲ್. ರಾತ್ರಿ ಇಷ್ಟು ಹೊತ್ತಿನೊಳಗೆ ಮನೆ ಸೇರಬೇಕು, ಹೇಳಿದ ದಿನ ಕಚೇರಿಗೆ ಹಾಜರಾಗಬೇಕು, ಕೇಳದೆ ವಿಳಾಸ ಬದಲಾಯಿಸಬಾರದು ಎಂಬ ನಿಯಮಗಳಿರುತ್ತವೆ. ನಿಯಮ ಮೀರಿದರೆ ಮತ್ತೆ ಸೆರೆಮನೆ.

ಆದ್ದರಿಂದ ಬಿಡುಗಡೆಗೆ ಮುಂಚೆಯೇ ಒಂದು ಒಪ್ಪಿಗೆಯಾದ ವಿಳಾಸ ಇರಬೇಕು. ಆ ವಿಳಾಸ ಕೈತಪ್ಪಿದರೆ ಕೇವಲ ಸೂರು ಹೋಗುವುದಿಲ್ಲ. ಅಧಿಕಾರಿ ಹುಡುಕಿಕೊಂಡು ಬಂದಾಗ ಆತ ಅಲ್ಲಿಲ್ಲ, ರಾತ್ರಿ ಹಾಜರಿ ತಪ್ಪಿದೆ, ಕೆಲಸದ ಅರ್ಜಿಯಲ್ಲಿ ಬರೆದ ವಿಳಾಸ ಸುಳ್ಳಾಗಿದೆ. ಸಾಮಾನ್ಯ ಬಾಡಿಗೆದಾರನಿಗೆ ಮನೆ ಬಿಡುವುದು ಒಂದು ತಾಪತ್ರಯ. ಇಂಥವನಿಗೆ ಅದು ಸ್ವಾತಂತ್ರ್ಯದ ಪ್ರಶ್ನೆ.

ಹಾಗಾದರೆ ತಾಯಿಯ ಮನೆಗೇ ಹೋಗಬಾರದೇಕೆ? ಇದಕ್ಕೆ ಉತ್ತರ ಅಮೆರಿಕದ ಸರ್ಕಾರಿ ವಸತಿಗಳ ಕಾನೂನಿನಲ್ಲಿದೆ. ಬಡವರಿಗಾಗಿ ಸರ್ಕಾರ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡುವ ಈ ಮನೆಗಳಲ್ಲಿ ಮಾದಕ ವಸ್ತುಗಳ ಹಾವಳಿ ಹೆಚ್ಚಿದಾಗ, 1988ರಲ್ಲಿ ಒಂದು ಕಟ್ಟುನಿಟ್ಟಿನ ಶಾಸನ ಬಂತು. ಬಾಡಿಗೆದಾರ, ಅವನ ಮನೆಯವರು ಅಥವಾ ಅತಿಥಿಗಳು ಮಾದಕ ವಸ್ತುವಿನ ಅಪರಾಧದಲ್ಲಿ ತೊಡಗಿದರೆ ಮನೆ ಬಿಡಿಸಬಹುದು ಎಂಬ ಷರತ್ತು ಕರಾರಿಗೆ ಸೇರಿತು. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಇದನ್ನು ಇನ್ನೂ ಬಿಗಿಗೊಳಿಸಿದರು. ಬೇಸ್‌ಬಾಲ್ ಆಟದ ಪರಿಭಾಷೆಯಲ್ಲಿ ಅದಕ್ಕೆ ‘ಒನ್ ಸ್ಟ್ರೈಕ್’ ನೀತಿ ಎಂದು ಹೆಸರಾಯಿತು. ಒಂದೇ ತಪ್ಪಿಗೆ ಆಟದಿಂದ ಔಟ್!

ಈ ಷರತ್ತು ಎಷ್ಟು ದೂರ ಹೋಗಬಲ್ಲದು ಎಂಬುದು 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕ್ಯಾಲಿಫೋರ್ನಿಯದ ಓಕ್ಲೆಂಡ್ ನಗರದ ಪರ್ಲಿ ರಕರ್ ಎಂಬ 63 ವರ್ಷದ ಮಹಿಳೆಗೆ ಮನೆ ಬಿಡುವಂತೆ ನೋಟಿಸು ಬಂದಿತ್ತು. ಕಾರಣ, ಆಕೆಯ ಮಗಳು ಮನೆಯಿಂದ ಮೂರು ಬೀದಿಯಾಚೆ ಕೊಕೇನ್ ಸಮೇತ ಸಿಕ್ಕಿಬಿದ್ದದ್ದು. 75 ವರ್ಷದ ಅಂಗವಿಕಲ ಹರ್ಮನ್ ವಾಕರ್‌ಗೂ ಅದೇ ಗತಿ. ಅವರ ಆರೈಕೆಗೆ ಬರುತ್ತಿದ್ದವಳ ಬಳಿ ಮಾದಕ ವಸ್ತು ಸಿಕ್ಕಿತ್ತು. ತಮಗೆ ಇದಾವುದೂ ಗೊತ್ತಿರಲಿಲ್ಲ ಎಂಬುದು ಇವರ ಅಹವಾಲು. ಗೊತ್ತಿರಲಿ ಬಿಡಲಿ, ಮನೆ ಬಿಡಿಸುವ ಅಧಿಕಾರ ವಸತಿ ಮಂಡಳಿಗೆ ಇದೆ ಎಂದು ನ್ಯಾಯಾಲಯ ಒಮ್ಮತದಿಂದ ಹೇಳಿತು.

ಇಂಥ ತೀರ್ಪಿನ ನಂತರ, ಜೈಲಿನಿಂದ ಬಂದ ಮಗನನ್ನು ಮನೆಯೊಳಗೆ ಕರೆದುಕೊಳ್ಳಲು ಸರ್ಕಾರಿ ವಸತಿಯ ಯಾವ ತಾಯಿಗೆ ಧೈರ್ಯ ಬಂದೀತು? ಮಗನನ್ನು ಉಳಿಸಿಕೊಳ್ಳಲು ಹೋಗಿ ಉಳಿದ ಮಕ್ಕಳ ಸೂರು ಹೋದರೆ? 2013ರಲ್ಲಿ ನ್ಯೂಯಾರ್ಕ್ ನಗರದ ವಸತಿ ಪ್ರಾಧಿಕಾರ ಇಂಥ ಕುಟುಂಬಗಳನ್ನು ಮತ್ತೆ ಒಂದುಗೂಡಿಸುವ ಒಂದು ಪ್ರಾಯೋಗಿಕ ಯೋಜನೆ ಆರಂಭಿಸಬೇಕಾಯಿತು ಎಂದರೆ ಸಮಸ್ಯೆಯ ಆಳ ಅರ್ಥವಾಗುತ್ತದೆ.

ಖಾಸಗಿ ಮನೆಗಳ ಮಾಲೀಕರದು ಇನ್ನೊಂದು ದಾರಿ. ಅಮೆರಿಕಕ್ಕೆ ಓದಲು ಹೋಗುವ ನಮ್ಮ ಮಕ್ಕಳಿಗೂ ಈ ಅನುಭವ ಇದೆ. ಅಪಾರ್ಟ್‌ಮೆಂಟ್ ಬೇಕೆಂದರೆ ಮೊದಲು ಅರ್ಜಿ ತುಂಬಬೇಕು, ಅದಕ್ಕೆ ಶುಲ್ಕ ಕಟ್ಟಬೇಕು. ಅರ್ಜಿದಾರನ ಸಾಲದ ಇತಿಹಾಸ, ಹಿಂದಿನ ಬಾಡಿಗೆಯ ವಿವರ, ಪೊಲೀಸ್ ದಾಖಲೆ ಎಲ್ಲವನ್ನೂ ಒಂದು ಕಂಪೆನಿ ಕಂಪ್ಯೂಟರಿನಲ್ಲಿ ಜಾಲಾಡಿ ವರದಿ ಕೊಡುತ್ತದೆ. ‘ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೆ?’ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿ ‘ಇಲ್ಲ’ ಎಂದು ಬರೆದು ಮುಂದಕ್ಕೆ ಹೋಗುತ್ತಾನೆ. ‘ಹೌದು’ ಎಂದು ಬರೆಯಬೇಕಾದವನ ಅರ್ಜಿ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ.

ಮುಕ್ಕಾಲು ಮನೆ ಎಂದರೆ

ತಾಯಿಯ ಮನೆಯೂ ಇಲ್ಲ, ಬಾಡಿಗೆ ಮನೆಯೂ ಇಲ್ಲ ಎಂದಾದ ಮೇಲೆ ಉಳಿಯುವುದು ಬಿಡುಗಡೆಯಾದವರಿಗಾಗಿಯೇ ಇರುವ ವಸತಿಗಳು. ಇವುಗಳಲ್ಲಿ ಹಲವು ಬಗೆ. ಕೇಂದ್ರ ಬಂದೀಖಾನೆ ಇಲಾಖೆಯ ‘ಹಾಫ್‌ವೇ ಹೌಸ್’ ಅಥವಾ ಅರ್ಧದಾರಿ ಮನೆಯಲ್ಲಿ ಇರುವವರು ಕಾನೂನಿನ ಕಣ್ಣಿನಲ್ಲಿ ಇನ್ನೂ ಕೈದಿಗಳೇ. ಶಿಕ್ಷೆಯ ಕೊನೆಯ ತಿಂಗಳುಗಳನ್ನು ಅವರು ಅಲ್ಲಿ ಕಳೆಯುತ್ತಾರೆ. 2008ರ ‘ಸೆಕೆಂಡ್ ಚಾನ್ಸ್’ ಕಾಯ್ದೆ ಈ ಅವಧಿಯನ್ನು ಗರಿಷ್ಠ 12 ತಿಂಗಳಿಗೆ ವಿಸ್ತರಿಸಿತು. ಅಲ್ಲಿ ಬಾಡಿಗೆದಾರನ ಹಕ್ಕಿನ ಪ್ರಶ್ನೆಯೇ ಏಳುವುದಿಲ್ಲ.

ನಿಜವಾದ ತೊಡಕು ಇರುವುದು ಇದರ ಮುಂದಿನ ಮೆಟ್ಟಿಲಿನಲ್ಲಿ. ಅರ್ಧದಾರಿ ಮನೆಗೂ ಸ್ವಂತ ಮನೆಗೂ ನಡುವೆ ಇರುವುದರಿಂದ ನ್ಯೂಯಾರ್ಕಿನಲ್ಲಿ ಇವಕ್ಕೆ ‘ಥ್ರೀ ಕ್ವಾರ್ಟರ್ ಹೌಸ್’, ಅಂದರೆ ಮುಕ್ಕಾಲು ಮನೆ ಎಂಬ ಹೆಸರು ಬಿದ್ದಿದೆ. ಖಾಸಗಿಯವರು ಸಾಮಾನ್ಯ ವಾಸದ ಮನೆಯನ್ನೋ ಅಪಾರ್ಟ್‌ಮೆಂಟನ್ನೋ ಬಾಡಿಗೆಗೆ ಹಿಡಿದು, ಕೋಣೆಗಳಲ್ಲಿ ಒಂದರ ಮೇಲೊಂದು ಮಂಚ ಜೋಡಿಸಿ, ಮಂಚಕ್ಕಿಷ್ಟು ಎಂದು ಹಣ ಪಡೆದು ನಡೆಸುವ ವ್ಯವಹಾರ ಇದು. ಸರ್ಕಾರದ ಪರವಾನಗಿ ಇಲ್ಲ, ತನಿಖೆ ಇಲ್ಲ. ಬ್ರೂಕ್ಲಿನ್ ಭಾಗದಲ್ಲಿ ಇಂಥವು ಹೆಚ್ಚು. ಜೈಲಿನಿಂದ ಬಂದವರು, ವ್ಯಸನ ಚಿಕಿತ್ಸೆ ಮುಗಿಸಿದವರು, ನಿರಾಶ್ರಿತರ ಶಿಬಿರ ಬಿಟ್ಟವರು ಇಲ್ಲಿಗೆ ಬರುತ್ತಾರೆ. ಬೇರೆ ದಾರಿ ಕಾಣದೆ ಪರೋಲ್ ಕಚೇರಿಗಳು, ಆಸ್ಪತ್ರೆಗಳೇ ಜನರನ್ನು ಇಲ್ಲಿಗೆ ಕಳಿಸಿದ್ದೂ ಉಂಟು.

ಇಲ್ಲಿನ ಲೆಕ್ಕಾಚಾರ ತಿಳಿಯಬೇಕಾದದ್ದು. ಆ ವರ್ಷಗಳಲ್ಲಿ ನ್ಯೂಯಾರ್ಕ್ ನಗರ ಒಂಟಿ ಬಡವನಿಗೆ ವಸತಿಗೆಂದು ಕೊಡುತ್ತಿದ್ದ ಭತ್ಯೆ ತಿಂಗಳಿಗೆ 215 ಡಾಲರ್. ಆ ನಗರದಲ್ಲಿ ಅಷ್ಟು ಹಣಕ್ಕೆ ಬೇರೆಲ್ಲೂ ಕೋಣೆ ಸಿಗದು. ಆದರೆ ಒಂದೇ ಕೋಣೆಯಲ್ಲಿ ಆರು ಮಂದಿಯನ್ನು ಮಲಗಿಸಿದರೆ ನಿರ್ವಾಹಕನಿಗೆ ತಿಂಗಳಿಗೆ 1,290 ಡಾಲರ್! ಇಷ್ಟಕ್ಕೇ ನಿಲ್ಲಲಿಲ್ಲ. ಕೆಲವು ನಿರ್ವಾಹಕರು ತಾವು ಹೇಳಿದ ವ್ಯಸನ ಚಿಕಿತ್ಸಾ ಕೇಂದ್ರಕ್ಕೇ ಹೋಗಬೇಕು ಎಂದು ನಿವಾಸಿಗಳಿಗೆ ಕಟ್ಟಪ್ಪಣೆ ಮಾಡಿದರು. ಬಡವರ ವೈದ್ಯಕೀಯ ವೆಚ್ಚಕ್ಕೆಂದು ಇರುವ ‘ಮೆಡಿಕೈಡ್’ ಯೋಜನೆಯಿಂದ ಆ ಕೇಂದ್ರಕ್ಕೆ ಹಣ ಬರುತ್ತಿತ್ತು. ಅದರಲ್ಲಿ ಒಂದು ಪಾಲು ಗುಟ್ಟಾಗಿ ನಿರ್ವಾಹಕನ ಜೇಬಿಗೆ. ಚಿಕಿತ್ಸೆ ಬೇಡದವನೂ ಹೋಗಬೇಕು. ಚಿಕಿತ್ಸೆ ಮುಗಿದವನು? ಮಂಚ ಖಾಲಿ ಮಾಡಬೇಕು. ಮತ್ತೆ ಚಟಕ್ಕೆ ಬಿದ್ದರೆ ಮಂಚ ಉಳಿಯುತ್ತದೆ, ಗುಣವಾದರೆ ಬೀದಿ. ಈ ವಿಪರೀತವನ್ನು 2015ರ ಮೇ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಬಯಲಿಗೆಳೆಯಿತು.

ಹೆಸರಿನಲ್ಲಿ ಏನಿದೆ?

ಮನೆ ಬಿಡಿಸುವ ವಿಧಾನವೂ ಒರಟು. ಕೆಲಸ ಮುಗಿಸಿ ಬಂದರೆ ಬೀಗ ಬದಲಾಗಿದೆ, ಬಟ್ಟೆಬರೆ ಪ್ಲಾಸ್ಟಿಕ್ ಚೀಲದಲ್ಲಿ ಮೆಟ್ಟಿಲ ಮೇಲಿದೆ. ‘ನೀನು ಬಾಡಿಗೆದಾರನಲ್ಲ, ಕಾರ್ಯಕ್ರಮದಲ್ಲಿ ಭಾಗವಹಿಸುವವನು ಮಾತ್ರ. ಹಾಗೆಂದು ನೀನೇ ರುಜು ಹಾಕಿದ್ದೀಯ’ ಎಂಬುದು ನಿರ್ವಾಹಕನ ಸಿದ್ಧ ಉತ್ತರ. ಒಳಗೆ ಬರುವ ದಿನವೇ ಅಂಥದೊಂದು ಕಾಗದಕ್ಕೆ ರುಜು ಹಾಕಿಸಿಕೊಳ್ಳುವುದು ವಾಡಿಕೆ. ತಲೆಯ ಮೇಲೆ ಸೂರಿಲ್ಲದವನು ಯಾವ ಕಾಗದಕ್ಕೆ ರುಜು ಹಾಕುವುದಿಲ್ಲ?

ಈ ಮಾತಿಗೆ ಕಾನೂನಿನ ಆಧಾರವೂ ಸ್ವಲ್ಪ ಇದೆ. ಅಮೆರಿಕದ ರಾಜ್ಯಗಳಿಗೆ ಮಾದರಿಯಾಗಲೆಂದು 1972ರಲ್ಲಿ ಕಾನೂನು ಪಂಡಿತರ ಆಯೋಗವೊಂದು ಬಾಡಿಗೆಯ ಮಾದರಿ ಕಾಯ್ದೆಯನ್ನು ಸಿದ್ಧಪಡಿಸಿತು. ಅನೇಕ ರಾಜ್ಯಗಳು ಅದನ್ನು ಅನುಸರಿಸಿವೆ. ಒಂದು ಸಂಸ್ಥೆಯಲ್ಲಿ ಚಿಕಿತ್ಸೆ, ಶಿಕ್ಷಣ, ಸಲಹೆ, ಧಾರ್ಮಿಕ ಸೇವೆ ಅಥವಾ ಬಂಧನಕ್ಕೆ ಪೂರಕವಾಗಿ ವಾಸಿಸುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ವಿನಾಯಿತಿ ಅದರಲ್ಲಿದೆ. ಆಸ್ಪತ್ರೆಯ ರೋಗಿ, ಮಠದ ಸನ್ಯಾಸಿ, ಕಾಲೇಜು ಹಾಸ್ಟೆಲಿನ ವಿದ್ಯಾರ್ಥಿ ಇವರು ಯಾರೂ ಬಾಡಿಗೆದಾರರಲ್ಲ ಎಂಬುದು ಇದರ ತಾತ್ಪರ್ಯ. ಅದು ನ್ಯಾಯವೇ. ಪರೀಕ್ಷೆ ಮುಗಿದ ಮೇಲೂ ಹಾಸ್ಟೆಲ್ ಕೋಣೆ ತನ್ನದೇ ಎಂದು ವಿದ್ಯಾರ್ಥಿ ಹಟ ಹಿಡಿದರೆ ನಡೆದೀತೆ?

ಆದರೆ ಹಾಸ್ಟೆಲಿನಿಂದ ಹೊರಬಿದ್ದ ವಿದ್ಯಾರ್ಥಿ ಊರಿನ ಬಸ್ಸು ಹತ್ತುತ್ತಾನೆ. ಅಪ್ಪ ಅಮ್ಮ ಗದರಿಸಿಯಾದರೂ ಊಟಕ್ಕೆ ಬಡಿಸುತ್ತಾರೆ. ಮುಕ್ಕಾಲು ಮನೆಯವನಿಗೆ ಆ ಬಸ್ಸಿಲ್ಲ. ವಾರಕ್ಕೊಮ್ಮೆ ಒಂದು ಗಂಟೆ ‘ಸಲಹೆ’ ಕೊಟ್ಟು, ಉಳಿದ ಸಮಯವೆಲ್ಲ ಮಂಚದ ಬಾಡಿಗೆ ವಸೂಲು ಮಾಡುವ ಮನೆ ಈ ವಿನಾಯಿತಿಯ ನೆರಳಿನಲ್ಲಿ ಅಡಗಿಕೊಳ್ಳಬಹುದೇ ಎಂಬುದು ಪ್ರಶ್ನೆ. ಅಲ್ಲಿ ಸೇವೆಗೆ ವಾಸ ಪೂರಕವೋ, ವಾಸಕ್ಕೆ ಸೇವೆ ನೆಪವೋ?

ಮೂವತ್ತು ದಿನಗಳ ಗೆರೆ

ನ್ಯೂಯಾರ್ಕ್ ನಗರದ ಕಾನೂನು ಈ ಗೋಜಲಿಗೆ ಇಳಿಯದೆ ಒಂದು ಗೆರೆ ಎಳೆದಿದೆ. ಒಂದು ವಾಸದ ಮನೆಯಲ್ಲಿ ಕಾನೂನುಬದ್ಧವಾಗಿ ಸತತ 30 ದಿನ ಇದ್ದವರನ್ನು, ಅಥವಾ ಬಾಡಿಗೆ ಕರಾರು ಮಾಡಿಕೊಂಡವರನ್ನು, ನ್ಯಾಯಾಲಯದ ಆದೇಶವಿಲ್ಲದೆ ಹೊರಹಾಕುವಂತಿಲ್ಲ. ಬಲಪ್ರಯೋಗ, ಬೆದರಿಕೆ, ಬೀಗ ಬದಲಾವಣೆ, ನೀರು ವಿದ್ಯುತ್ ಕಡಿತ, ಸಾಮಾನು ಹೊರಗೆಸೆಯುವುದು ಎಲ್ಲವೂ ಅಪರಾಧ.

ಈ ನಿಯಮದ ಸೊಗಸು ಒಂದು ಪದದಲ್ಲಿದೆ. ಅದು ‘ಬಾಡಿಗೆದಾರ’ ಎನ್ನುವುದಿಲ್ಲ, ‘ವಾಸವಿರುವವನು’ ಎನ್ನುತ್ತದೆ. ಬಾಡಿಗೆದಾರ ಎನಿಸಿಕೊಳ್ಳಲು ಮನೆಯ ಮೇಲೆ ಪ್ರತ್ಯೇಕ ಸ್ವಾಧೀನ ಇರಬೇಕು ಎಂಬುದು ಹಳೆಯ ಕಾನೂನಿನ ಅಳತೆಗೋಲು. ಆರು ಮಂಚದ ಕೋಣೆಯಲ್ಲಿ ಯಾರಿಗೆ ತಾನೇ ಪ್ರತ್ಯೇಕ ಸ್ವಾಧೀನ? ಆ ಅಳತೆಯಲ್ಲಿ ಅಳೆದರೆ ಮುಕ್ಕಾಲು ಮನೆಯವರೆಲ್ಲ ಸೋಲುತ್ತಾರೆ. ‘ವಾಸವಿರುವವನು’ ಎಂದಾಗ ಕಾಗದದಲ್ಲಿ ಏನು ಬರೆದಿದೆ, ಕೋಣೆಯಲ್ಲಿ ಎಷ್ಟು ಮಂಚ ಇವೆ ಎಂಬುದು ಹಿಂದೆ ಸರಿಯುತ್ತದೆ. ಮೂವತ್ತು ರಾತ್ರಿ ಇಲ್ಲಿ ಮಲಗಿದ್ದಾನೆಯೇ? ಹಾಗಾದರೆ ಇದು ಅವನ ಮನೆ.

2019ರಲ್ಲಿ ನ್ಯೂಯಾರ್ಕ್ ರಾಜ್ಯ ಸರ್ಕಾರ ಬಾಡಿಗೆದಾರರ ರಕ್ಷಣೆಗೆಂದು ದೊಡ್ಡದೊಂದು ಶಾಸನ ತಂದಾಗ ಇದೇ ತತ್ವ ಇಡೀ ರಾಜ್ಯಕ್ಕೆ ವಿಸ್ತರಿಸಿತು. ನ್ಯಾಯಾಲಯವನ್ನು ಬಿಟ್ಟು ಹೊರಹಾಕಿದರೆ ಕ್ರಿಮಿನಲ್ ಅಪರಾಧ. ಜತೆಗೆ ಪ್ರತಿ ಉಲ್ಲಂಘನೆಗೆ 1,000ದಿಂದ 10,000 ಡಾಲರ್ ದಂಡ. ಬಾಡಿಗೆ ಬಾಕಿ ಇದ್ದರೆ ಮೊದಲು 14 ದಿನಗಳ ಲಿಖಿತ ನೋಟಿಸು ಕೊಡಬೇಕು. ಆಮೇಲೆ ನ್ಯಾಯಾಲಯದಲ್ಲಿ ಅರ್ಜಿ, ವಿಚಾರಣೆ, ತೀರ್ಪು. ತೀರ್ಪು ವಿರುದ್ಧವಾದರೂ ಮನೆ ಬಿಡಿಸುವ ಅಧಿಕಾರಿ ಮತ್ತೆ 14 ದಿನಗಳ ತಿಳಿವಳಿಕೆ ಕೊಡಬೇಕು. ಬೇರೆ ಕಡೆ ಸೂರು ಸಿಗದ ಕಷ್ಟ ಇದ್ದರೆ ನ್ಯಾಯಾಧೀಶರು ಒಂದು ವರ್ಷದ ತನಕ ಗಡುವು ಕೊಡಬಹುದು.

ಕಾನೂನು ಗೆರೆ ಎಳೆದರೆ ಅದರ ಅಂಚಿನಲ್ಲಿ ಆಟ ಆಡುವವರು ಇದ್ದೇ ಇರುತ್ತಾರೆ. ಕ್ಯಾಲಿಫೋರ್ನಿಯದ ಅಗ್ಗದ ಹೋಟೆಲುಗಳಲ್ಲಿ 30 ದಿನ ತುಂಬುವ ಮುನ್ನ ವಾಸಿಯನ್ನು ಹೊರಗೆ ಕಳಿಸಿ, ಮರುದಿನ ಹೊಸದಾಗಿ ಹೆಸರು ಬರೆಸಿಕೊಳ್ಳುವ ಚಾಳಿ ಇತ್ತು. ಅದಕ್ಕೆ ‘28 ದಿನಗಳ ಅದಲುಬದಲು’ ಎಂದೇ ಹೆಸರು. ಆ ರಾಜ್ಯ ಅದನ್ನೂ ಕಾನೂನುಬಾಹಿರ ಎಂದು ಸಾರಿ ದಂಡ ನಿಗದಿ ಮಾಡಬೇಕಾಯಿತು.

ಪುಸ್ತಕದಿಂದ ಬೀದಿಗೆ

ಹಕ್ಕು ಪುಸ್ತಕದಲ್ಲಿದ್ದರೆ ಸಾಲದು, ಅದು ಇದೆಯೆಂದು ಇರುವವನಿಗೆ ತಿಳಿದಿರಬೇಕು. ತಿಳಿದಿದ್ದರೂ ಕೇಳುವ ಧೈರ್ಯ ಬೇಕು. ಪರೋಲ್ ಮೇಲಿರುವವನು ಪೊಲೀಸರನ್ನು ಕರೆಯುವ ಮುನ್ನ ಹತ್ತು ಸಲ ಯೋಚಿಸುತ್ತಾನೆ. ಪೊಲೀಸರು ಬಂದರೂ ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂದು ಕೈತೊಳೆದುಕೊಂಡರೆ ಆ ರಾತ್ರಿ ಕಳೆಯುವುದು ಹೇಗೆ?

ಈ ಕಂದಕ ತುಂಬಲು ಮುಂದಾದದ್ದು ಬಡವರಿಗೆ ಉಚಿತ ಕಾನೂನು ನೆರವು ನೀಡುವ ವಕೀಲರು. ಎಂ.ಎಫ್.ವೈ. ಲೀಗಲ್ ಸರ್ವೀಸಸ್ (ಈಗಿನ ಹೆಸರು ಮೊಬಿಲೈಸೇಷನ್ ಫಾರ್ ಜಸ್ಟಿಸ್) ಎಂಬ ಸಂಸ್ಥೆ ಮುಕ್ಕಾಲು ಮನೆಗಳವರ ಮೊಕದ್ದಮೆಗಳನ್ನು ಕೈಗೆತ್ತಿಕೊಂಡಿತು. ನಿವಾಸಿಗಳೇ ಸೇರಿ ಕಟ್ಟಿದ ಬಾಡಿಗೆದಾರರ ಸಂಘಟನೆಯೂ ಹುಟ್ಟಿತು. 2013ರಲ್ಲಿ ಜಾನ್ ಜೇ ಕಾಲೇಜಿನ ಸಂಶೋಧಕರು ಇಲ್ಲಿನ ವಾಸಿಗಳನ್ನೇ ಮಾತನಾಡಿಸಿ ಒಳಗಿನ ಸ್ಥಿತಿಯ ಬಗ್ಗೆ ವರದಿ ಪ್ರಕಟಿಸಿದರು. 2015ರ ಪತ್ರಿಕಾ ವರದಿಯ ಬೆನ್ನಿಗೆ ಮೇಯರ್ ಬಿಲ್ ಡಿ ಬ್ಲಾಸಿಯೊ ತುರ್ತು ಕಾರ್ಯಪಡೆ ರಚಿಸಿ ಮನೆಗಳ ತಪಾಸಣೆ ಮಾಡಿಸಿದರು. 2016ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಲಂಚ ವ್ಯವಹಾರದ ಆರೋಪದ ಮೇಲೆ ಒಬ್ಬ ನಿರ್ವಾಹಕನ ವಿರುದ್ಧ ಮೊಕದ್ದಮೆ ಹೂಡಿತು. 2017ರಲ್ಲಿ ನಗರ ಸಭೆ, ವಾಸಿಗಳ ಚಿಕಿತ್ಸೆಯಲ್ಲಿ ಮನೆಯ ನಿರ್ವಾಹಕರು ಕೈಹಾಕದಂತೆ ಶಾಸನ ಮಾಡಿತು. ಅದೇ ವರ್ಷ, ಮನೆ ಬಿಡಿಸುವ ಮೊಕದ್ದಮೆ ಎದುರಿಸುವ ಬಡವರಿಗೆ ಸರ್ಕಾರಿ ವೆಚ್ಚದಲ್ಲಿ ವಕೀಲರನ್ನು ಒದಗಿಸುವ ಕಾನೂನನ್ನು ಅಮೆರಿಕದಲ್ಲೇ ಮೊದಲು ತಂದ ನಗರ ಎಂಬ ಹೆಸರನ್ನೂ ನ್ಯೂಯಾರ್ಕ್ ಪಡೆಯಿತು.

ಇಲ್ಲೊಂದು ಇಕ್ಕಟ್ಟು ಇದೆ. ಕಿಕ್ಕಿರಿದ, ಬೆಂಕಿ ಬಿದ್ದರೆ ಓಡಲು ದಾರಿಯಿಲ್ಲದ ಮನೆಯನ್ನು ಅಧಿಕಾರಿಗಳು ಮುಚ್ಚಿಸಿದರೆ ಅಲ್ಲಿದ್ದವರು ಹೋಗುವುದೆಲ್ಲಿಗೆ? ಕೆಟ್ಟ ಮನೆಯೂ ಇಲ್ಲದಂತಾದರೆ ಮತ್ತೆ ಬೀದಿಯೇ. ಅತ್ತ ದರಿ, ಇತ್ತ ಪುಲಿ. ಹೀಗಾಗಿ ಮುಚ್ಚಿಸಿದ ಮನೆಗಳವರಿಗೆ ಬೇರೆ ವಸತಿ ಹುಡುಕಿಕೊಡುವ ಹೊಣೆಯನ್ನೂ ನಗರ ಹೊರಬೇಕಾಯಿತು.

ಇನ್ನೊಂದು ಮುಖ

ನಿರ್ವಾಹಕರೆಲ್ಲ ದುಷ್ಟರಲ್ಲ. ಅವರ ಮಾತಿನಲ್ಲೂ ಹುರುಳಿದೆ. ಚಟ ಬಿಡಲು ಹೆಣಗುತ್ತಿರುವ ಹತ್ತು ಮಂದಿಯ ಮನೆಯಲ್ಲಿ ಒಬ್ಬ ಮತ್ತೆ ಮಾದಕ ವಸ್ತು ತಂದರೆ ಉಳಿದ ಒಂಬತ್ತು ಮಂದಿಯ ಗತಿಯೇನು? ಒಬ್ಬ ಇನ್ನೊಬ್ಬನ ಮೇಲೆ ಕೈಮಾಡಿದರೆ ನ್ಯಾಯಾಲಯದ ತೀರ್ಪು ಬರುವ ತನಕ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಬೇಕೆ?

ಇದಕ್ಕೆ ‘ಆಕ್ಸ್‌ಫರ್ಡ್ ಹೌಸ್’ಗಳನ್ನು ಉದಾಹರಣೆ ಕೊಡುತ್ತಾರೆ. 1975ರಲ್ಲಿ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ಮುಚ್ಚಿಹೋಗಲಿದ್ದ ಒಂದು ಅರ್ಧದಾರಿ ಮನೆಯನ್ನು ಅದರ ವಾಸಿಗಳೇ ಬಾಡಿಗೆಗೆ ಹಿಡಿದು ನಡೆಸತೊಡಗಿದರು. ಅದೇ ಬೆಳೆದು ದೇಶದ ತುಂಬ ಹರಡಿತು. ಇಲ್ಲಿ ಯಜಮಾನ ಇಲ್ಲ. ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಪದಾಧಿಕಾರಿಗಳನ್ನು ಮತ ಹಾಕಿ ಆರಿಸುತ್ತಾರೆ. ಮತ್ತೆ ಚಟಕ್ಕೆ ಬಿದ್ದವನು ತಕ್ಷಣ ಹೊರಡಬೇಕು. ಈ ನಿಯಮ ಕಠಿಣ ನಿಜ; ಆದರೆ ಅದರಿಂದ ಲಾಭ ಮಾಡಿಕೊಳ್ಳುವವರು ಯಾರೂ ಇಲ್ಲ. ಮುಕ್ಕಾಲು ಮನೆಯ ಬೀಗ ಬದಲಾಯಿಸುವವನಿಗೂ ಇವರಿಗೂ ಇರುವ ವ್ಯತ್ಯಾಸ ಇದೇ.

ತುರ್ತು ಸಂದರ್ಭಕ್ಕೆ ಬೇಗ ಕೆಲಸ ಮಾಡುವ ನ್ಯಾಯಾಲಯ ಬೇಕು ಎಂಬುದು ಒಪ್ಪತಕ್ಕ ಮಾತು. ಹೊಡೆದಾಟಕ್ಕೆ ಪೊಲೀಸ್ ಇದೆ, ತಡೆಯಾಜ್ಞೆ ಇದೆ. ಆದರೆ ಅವಸರದ ಹೆಸರಿನಲ್ಲಿ ನ್ಯಾಯಾಲಯವೇ ಬೇಡ ಎನ್ನುವುದಾದರೆ, ತಪ್ಪು ಯಾರದು ಎಂದು ತೀರ್ಮಾನಿಸುವವನು ಬಾಡಿಗೆ ಎಣಿಸುವವನೇ ಆಗಿಬಿಡುತ್ತಾನೆ.

ಬಾಗಿಲು ತೆರೆಯುವ ಶಾಸನಗಳು

ಮುಕ್ಕಾಲು ಮನೆಯೇ ಕೊನೆಯ ನಿಲ್ದಾಣವಾಗಬಾರದು. ಅಲ್ಲಿಂದ ಪೂರ್ತಿ ಮನೆಗೆ ದಾಟಬೇಕು. ಆ ದಿಕ್ಕಿನಲ್ಲಿಯೂ ಕೆಲವು ಬಾಗಿಲುಗಳು ತೆರೆದಿವೆ. ನ್ಯೂಯಾರ್ಕಿನ ‘ಫಾರ್ಚೂನ್ ಸೊಸೈಟಿ’ ಎಂಬ ಸಂಸ್ಥೆಯನ್ನು 1967ರಲ್ಲಿ ಕಟ್ಟಿದವರು ಡೇವಿಡ್ ರಾಥೆನ್‌ಬರ್ಗ್. ಅವರು ನಾಟಕ ರಂಗದವರು. ಜೈಲಿನ ಬದುಕಿನ ಬಗ್ಗೆ ಒಂದು ನಾಟಕ ಆಡಿಸಿದ ಅನುಭವವೇ ಸಂಸ್ಥೆಗೆ ಬೀಜವಾಯಿತು. 2002ರಲ್ಲಿ ಅದು ಹಾರ್ಲೆಮ್‌ನಲ್ಲಿ ಹಳೆಯ ಶಾಲಾ ಕಟ್ಟಡವೊಂದನ್ನು ಬಿಡುಗಡೆಯಾದವರ ವಸತಿಯಾಗಿ ಮಾರ್ಪಡಿಸಿತು. 2010ರಲ್ಲಿ ಪಕ್ಕದಲ್ಲೇ 114 ಮನೆಗಳ ಶಾಶ್ವತ ವಸತಿ ಸಂಕೀರ್ಣ ಎದ್ದಿತು. ಅಲ್ಲಿ ಜೈಲಿನಿಂದ ಬಂದವರೂ ಸಾಧಾರಣ ಬಡ ಕುಟುಂಬಗಳೂ ಅಕ್ಕಪಕ್ಕ ಇದ್ದಾರೆ.

ಇದೇ ಸಂಸ್ಥೆ 2014ರಲ್ಲಿ, ಶಿಕ್ಷೆಯಾದ ಯಾರಿಗೂ ಮನೆ ಕೊಡುವುದಿಲ್ಲ ಎಂದ ಒಂದು ದೊಡ್ಡ ವಸತಿ ಸಮುಚ್ಚಯದ ಮಾಲೀಕರ ವಿರುದ್ಧ ಮೊಕದ್ದಮೆ ಹೂಡಿತು. ಶಿಕ್ಷೆಗೊಳಗಾದವರಲ್ಲಿ ಕಪ್ಪು ಜನ ಮತ್ತು ಲ್ಯಾಟಿನ್ ಅಮೆರಿಕ ಮೂಲದವರು ಅವರ ಜನಸಂಖ್ಯೆಗೆ ಮೀರಿದ ಪ್ರಮಾಣದಲ್ಲಿ ಇರುವುದರಿಂದ ಇಂಥ ನಿಷೇಧ ಜನಾಂಗ ಭೇದಕ್ಕೆ ಸಮ ಎಂಬುದು ಅದರ ವಾದ. 1968ರ ನ್ಯಾಯಯುತ ವಸತಿ ಕಾಯ್ದೆಯ ಕೆಳಗೆ, ಉದ್ದೇಶವಿಲ್ಲದಿದ್ದರೂ ಪರಿಣಾಮದಲ್ಲಿ ಭೇದ ಮಾಡುವ ನೀತಿಯನ್ನು ಪ್ರಶ್ನಿಸಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಹೇಳಿದ್ದು ಈ ವಾದಕ್ಕೆ ಬಲ ತಂದಿತು. 2019ರಲ್ಲಿ ಮಾಲೀಕರು 11,87,500 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು.

ಸಿಯಾಟಲ್ ನಗರ 2017ರಲ್ಲಿಯೇ, ಅರ್ಜಿದಾರನ ಅಪರಾಧ ಇತಿಹಾಸವನ್ನು ಮಾಲೀಕ ಕೇಳಬಾರದು, ಅದರ ಮೇಲೆ ಮನೆ ನಿರಾಕರಿಸಲೂಬಾರದು ಎಂದು ಶಾಸನ ಮಾಡಿತು. ಕೇಳಲೇಬಾರದು ಎನ್ನುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಭಾಗವನ್ನು ತಳ್ಳಿಹಾಕಿತು. ನ್ಯೂಜೆರ್ಸಿ ರಾಜ್ಯ ಮಧ್ಯದ ದಾರಿ ಹಿಡಿದಿದೆ. 2022ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಕಾಯ್ದೆಯಂತೆ, ಕೆಲವು ಗಂಭೀರ ಪ್ರಕರಣಗಳನ್ನು ಬಿಟ್ಟರೆ, ಮಾಲೀಕ ಮೊದಲು ಷರತ್ತಿನ ಮೇಲೆ ಮನೆ ಕೊಡಲು ಒಪ್ಪಬೇಕು. ಆಮೇಲಷ್ಟೇ ಹಿಂದಿನ ದಾಖಲೆ ನೋಡಬಹುದು. ಎಷ್ಟು ವರ್ಷ ಹಿಂದಕ್ಕೆ ಹೋಗಬಹುದು ಎಂಬುದಕ್ಕೂ ಅಪರಾಧದ ದರ್ಜೆಗೆ ತಕ್ಕಂತೆ ಮಿತಿಯಿದೆ. ನ್ಯೂಯಾರ್ಕ್ ನಗರವೂ ಇಂಥದೇ ಕಾನೂನನ್ನು 2025ರ ಜನವರಿ 1ರಿಂದ ಜಾರಿಗೆ ತಂದಿತು.

ಮಕ್ಕಳಿಗೆ ಪೌರನೀತಿಯ ಪಾಠದಲ್ಲಿ ಹಕ್ಕು ಎಂಬ ಮಾತನ್ನು ಹೇಳಿಕೊಡುವಾಗ ಒಳ್ಳೆಯವರ ಹಕ್ಕಿನ ಚಿತ್ರವೇ ಕಣ್ಣ ಮುಂದೆ ಬರುವುದು ಸಹಜ. ತಪ್ಪು ಮಾಡಿದವನ ಹಕ್ಕು ಎಂದಾಗ ದನಿ ಸ್ವಲ್ಪ ಇಳಿಯುತ್ತದೆ. ಆದರೆ ಕಾನೂನಿನ ಸತ್ವ ಪರೀಕ್ಷೆಯಾಗುವುದು ಅಲ್ಲಿಯೇ. ಅವನನ್ನು ಜೈಲಿಗೆ ಕಳಿಸುವಾಗ ಸಾಕ್ಷಿ, ವಿಚಾರಣೆ, ತೀರ್ಪು ಎಲ್ಲ ನಡೆದಿತ್ತು. ಶಿಕ್ಷೆ ಮುಗಿಸಿ ಬಂದವನನ್ನು ಮಂಚದಿಂದ ಎಬ್ಬಿಸಿ ಕಳಿಸುವಾಗಲೂ ಅದೇ ನ್ಯಾಯ ನಡೆಯಲಿ ಎಂಬುದಷ್ಟೇ ಮೂವತ್ತು ದಿನಗಳ ಆ ಗೆರೆಯ ಅರ್ಥ.

ತಿಳಿದಿರಲಿ: ಲೀಸ್ ಮತ್ತು ಲೈಸೆನ್ಸ್

ಬಾಡಿಗೆ ಹಕ್ಕು (ಲೀಸ್) ಮತ್ತು ಅನುಮತಿ (ಲೈಸೆನ್ಸ್) ಇವುಗಳ ನಡುವಿನ ಭೇದ ಇಂಗ್ಲೆಂಡಿನ ಕಾನೂನಿನಿಂದ ಅಮೆರಿಕಕ್ಕೂ ಭಾರತಕ್ಕೂ ಬಂದದ್ದು. ನಮ್ಮಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಂ ಲೀಸನ್ನೂ, ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಕಲಂ ಲೈಸೆನ್ಸನ್ನೂ ವಿವರಿಸುತ್ತವೆ. ಲೀಸ್ ಸ್ವತ್ತಿನಲ್ಲಿ ಒಂದು ಹಕ್ಕನ್ನು ಕೊಡುತ್ತದೆ. ಲೈಸೆನ್ಸ್ ಕೇವಲ ಉಪಯೋಗಿಸುವ ಅನುಮತಿ.

ಕಾಗದದ ಮೇಲೆ ‘ಲೈಸೆನ್ಸ್’ ಎಂದು ಬರೆದ ಮಾತ್ರಕ್ಕೆ ಅದು ಲೈಸೆನ್ಸ್ ಆಗುವುದಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 1959ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಲ್ಲಿ ಹೇಳಿತು. ಉದ್ದೇಶ ಏನು, ಪ್ರತ್ಯೇಕ ಸ್ವಾಧೀನ ಇದೆಯೇ ಎಂಬುದನ್ನು ನೋಡಬೇಕು.

ಇಂಗ್ಲೆಂಡಿನಲ್ಲಿ 1985ರ ಸ್ಟ್ರೀಟ್ ವಿರುದ್ಧ ಮೌಂಟ್‌ಫರ್ಡ್ ಪ್ರಕರಣದ್ದೂ ಇದೇ ಸಾರ. ವಾರಕ್ಕೆ 37 ಪೌಂಡ್ ಕೊಟ್ಟು ಕೋಣೆಗಳಲ್ಲಿದ್ದ ಮಹಿಳೆ ‘ಲೈಸೆನ್ಸ್’ ಕಾಗದಕ್ಕೆ ರುಜು ಹಾಕಿದ್ದರೂ ಬಾಡಿಗೆದಾರಳೇ ಎಂದು ತೀರ್ಪಾಯಿತು. ಐದು ಮೊನೆಯ ಅಗೆಯುವ ಉಪಕರಣ ಮಾಡಿದವನು ಅದನ್ನು ಸಲಿಕೆ ಎಂದು ಎಷ್ಟೇ ಹೇಳಿಕೊಂಡರೂ ಅದು ಸಲಿಕೆಯಾಗದು ಎಂಬ ಅರ್ಥದಲ್ಲಿ ಲಾರ್ಡ್ ಟೆಂಪಲ್‌ಮನ್ ಕೊಟ್ಟ ಹೋಲಿಕೆ ಕಾನೂನು ವಿದ್ಯಾರ್ಥಿಗಳಿಗೆಲ್ಲ ಪರಿಚಿತ.

ಹಾಸ್ಟೆಲ್, ಪೇಯಿಂಗ್ ಗೆಸ್ಟ್ ವಸತಿ ಸೇರುವ ವಿದ್ಯಾರ್ಥಿಗಳು ಮತ್ತು ಪೋಷಕರು ರುಜು ಹಾಕುವ ಮುನ್ನ ಮೂರು ಸಂಗತಿ ನೋಡಿಕೊಳ್ಳುವುದು ಒಳ್ಳೆಯದು: ಕಾಗದದಲ್ಲಿ ತಮ್ಮನ್ನು ಏನೆಂದು ಕರೆದಿದ್ದಾರೆ, ಬಿಡಿಸಲು ಎಷ್ಟು ದಿನಗಳ ನೋಟಿಸು ಕೊಡಬೇಕು, ಮುಂಗಡ ಹಣ ಯಾವಾಗ ವಾಪಸು ಬರುತ್ತದೆ.